ರಿಪೇರಿಗೆ ಕೊಟ್ಟ ವಸ್ತು ಕೆಟ್ಟರೆ ಹೊಣೆ ಯಾರು?

ಪರೀಕ್ಷೆಗೆ ಹತ್ತೇ ದಿನ. ಮಗಳ ಲ್ಯಾಪ್‌ಟಾಪಿನಲ್ಲಿ ಎರಡು ಕೀಲಿ ಒತ್ತಿದರೆ ಅಕ್ಷರ ಮೂಡುತ್ತಿಲ್ಲ. ಅಪ್ಪ ಅದನ್ನು ರಿಪೇರಿ ಅಂಗಡಿಗೆ ಕೊಟ್ಟು ಬರುತ್ತಾರೆ. ಮೂರನೆಯ ದಿನ ಹೋದರೆ ಕೀಲಿಗಳೇನೋ ಸರಿಯಾಗಿವೆ. ಪರದೆ ಬಿರುಕು ಬಿಟ್ಟಿದೆ! 'ನೀವು ತಂದಾಗಲೇ ಹಾಗಿತ್ತಲ್ಲ ಸಾರ್' ಎನ್ನುವ ಅಂಗಡಿಯವರು, ರಸೀತಿಯಲ್ಲಿ ಅಚ್ಚಾದ 'ಹಾನಿಗೆ ನಾವು ಜವಾಬ್ದಾರರಲ್ಲ' ಎಂಬ ಸಾಲನ್ನೂ ತೋರಿಸುತ್ತಾರೆ. ಇಂಥ ಪ್ರಸಂಗ ಯಾವ ಮನೆಯಲ್ಲಾದರೂ ನಡೆಯಬಹುದು.

ಒಂದು ಕೆಲಸಕ್ಕಾಗಿ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸಿ, ಕೆಲಸ ಮುಗಿದ ಮೇಲೆ ಹಿಂಪಡೆಯುವುದಕ್ಕೆ ಕಾನೂನಿನಲ್ಲಿ 'ಬೇಲ್‌ಮೆಂಟ್' ಎಂದು ಹೆಸರು. 1872ರ ಭಾರತೀಯ ಕರಾರು ಕಾಯಿದೆಯ 151ನೇ ಕಲಮಿನ ಪ್ರಕಾರ, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ಅಂಥದೇ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನವನ್ನು ಅಂಗಡಿಯವರೂ ಮಾಡಬೇಕು. ಅಷ್ಟು ಮಾಡಿಯೂ ಹಾನಿಯಾದರೆ ಸಾಮಾನ್ಯವಾಗಿ ಅವರು ಹೊಣೆಯಲ್ಲ. ಆದರೆ ಜೋಪಾನ ಮಾಡಿದ್ದೆವೆಂದು ತೋರಿಸುವ ಭಾರ ಅವರದೇ.

ಅದಕ್ಕೂ ಮೊದಲು, ಕೊಟ್ಟಾಗ ಪರದೆ ಸರಿಯಾಗಿತ್ತೆಂದು ನಾವು ತೋರಿಸಬೇಕು. ಅನೇಕರು ಎಡವುವುದು ಇಲ್ಲಿಯೇ. ಆದ್ದರಿಂದ ಅಂಗಡಿಯಲ್ಲೇ ಫೋಟೋ ತೆಗೆಯಿರಿ. ಸೀರಿಯಲ್ ನಂಬರ್, ಇರುವ ದೋಷ, 'ಪರದೆ ಸರಿಯಿದೆ' ಎಂಬ ಮಾತು ರಸೀತಿಯಲ್ಲಿ ಬರೆಸಿ, ಸಹಿ ಪಡೆಯಿರಿ. ಪ್ರಾಜೆಕ್ಟ್, ನೋಟ್ಸ್ ಮೊದಲಾದವನ್ನು ಮುಂಚೆಯೇ ಬೇರೆಡೆ ಉಳಿಸಿಕೊಳ್ಳಿ. ಪರಿಹಾರದ ಹಣ ಅವನ್ನು ಮರಳಿ ತಾರದು.

ನಮಗೂ ಕರ್ತವ್ಯವಿದೆ. ಬ್ಯಾಟರಿ ಉಬ್ಬಿರುವಂಥ ಅಪಾಯ ಗೊತ್ತಿದ್ದರೆ ಮುಚ್ಚಿಡದೆ ಹೇಳಬೇಕು. ಒಪ್ಪಿದ ಕೆಲಸವನ್ನು ಸರಿಯಾಗಿ ಮುಗಿಸಿದವರು ಕೂಲಿ ಸಲ್ಲುವವರೆಗೆ ವಸ್ತುವನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು ಎನ್ನುತ್ತದೆ 170ನೇ ಕಲಮು.

ಇನ್ನು ಆ ಅಚ್ಚಾದ ಸಾಲು. ಅದನ್ನು ಕಂಡೊಡನೆ ಕೈಚೆಲ್ಲಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಗ್ರಾಹಕರಿಗೆ ನಷ್ಟ ತರುವ ನಿರ್ಲಕ್ಷ್ಯವನ್ನು ಸೇವಾ ನ್ಯೂನತೆಯೆಂದೇ ಪರಿಗಣಿಸುತ್ತದೆ. ಮೊದಲು ಅಂಗಡಿಗೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರಿಲ್ಲದೆ ತಾವೇ ವಾದಿಸಲೂಬಹುದು.

ಮುಂದಿನ ಸಲ ಅಂಗಡಿಗೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ರಸೀತಿಯನ್ನು ಅವರೇ ಓದಿ ನೋಡಲಿ.