ಪದಕಕ್ಕೆ ಮುಂಚಿನ ಹತ್ತು ವರ್ಷ

2018ರ ಆಗಸ್ಟ್‌ನಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳಗಾವಿ ಜಿಲ್ಲೆಯ ತುರಮುರಿಯ ಮಲಪ್ರಭಾ ಜಾಧವ್ ಮಹಿಳೆಯರ 52 ಕೆ.ಜಿ. ಕುರಾಷ್ ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ಸೆಮಿಫೈನಲ್‌ನಲ್ಲಿ ಅವರನ್ನು ಸೋಲಿಸಿದ ಉಜ್ಬೇಕಿಸ್ತಾನದ ಗುಲ್ನೊರ್ ಸುಲೈಮಾನೊವಾ ಅವರೇ ಚಿನ್ನ ಪಡೆದರು. ಬೆಳ್ಳಿ ನಮ್ಮವರೇ ಆದ ಪಿಂಕಿ ಬಲ್ಹಾರಾ ಅವರಿಗೆ ಬಂತು. ಕುರಾಷ್ ಎಂದರೇನು ಎಂದು ಆ ದಿನ ವಿಚಾರಿಸದ ಕನ್ನಡಿಗರು ವಿರಳ. ರೈತ ಕುಟುಂಬದ ಹುಡುಗಿಯ ಸಾಧನೆಯೆಂದು ಎಲ್ಲರೂ ಹೊಗಳಿದೆವು. ಆಕೆ ಅಲ್ಲಿಯವರೆಗೆ ಯಾವ ಹಾದಿಯಲ್ಲಿ ಬಂದರು, ಆ ಹಾದಿಯ ವೆಚ್ಚ ಭರಿಸಿದವರು ಯಾರು ಎಂದು ಮಾತ್ರ ಹೆಚ್ಚು ಮಂದಿ ಕೇಳಲಿಲ್ಲ. ಸರ್ಕಾರದ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ಪದಕಕ್ಕಿಂತ ಆ ಪ್ರಶ್ನೆಯೇ ಮುಖ್ಯವೆನಿಸುತ್ತದೆ.

ಕುರಾಷ್ ಮಧ್ಯ ಏಷ್ಯಾದ ಕುಸ್ತಿ. ಎದುರಾಳಿಯ ಅಂಗಿ ಹಿಡಿದು ಎತ್ತಿ ಒಗೆಯಬೇಕು. ನೆಲಕ್ಕೆ ಬಿದ್ದ ಮೇಲೆ ಸೆಣಸಾಟ ಮುಂದುವರಿಯುವುದಿಲ್ಲ. ಈಗ ಜಗತ್ತಿನಾದ್ಯಂತ ಹಬ್ಬಿರುವ ಬ್ರೆಜಿಲಿಯನ್ ಜಿಯು-ಜಿಟ್ಸು ಇದಕ್ಕೆ ತದ್ವಿರುದ್ಧ. ಅಲ್ಲಿ ನಿಜವಾದ ಹೋರಾಟ ಆರಂಭವಾಗುವುದೇ ನೆಲಕ್ಕೆ ಬಿದ್ದ ನಂತರ: ಹಿಡಿತ, ಕೀಲು ತಿರುಚುವುದು, ಕತ್ತು ಬಿಗಿಯುವುದು, ಎದುರಾಳಿ ಕೈತಟ್ಟಿ ಸೋಲೊಪ್ಪುವವರೆಗೆ. ಜು-ಜಿಟ್ಸು ಕೂಡ ಏಷ್ಯನ್ ಕ್ರೀಡಾಕೂಟಕ್ಕೆ ಕಾಲಿಟ್ಟದ್ದು ಅದೇ ಜಕಾರ್ತದಲ್ಲಿ. ಎರಡಕ್ಕೂ ಜೂಡೊ ಹತ್ತಿರದ ನಂಟು. ಮಲಪ್ರಭಾ ಮೊದಲು ಕಲಿತದ್ದು ಜೂಡೊ. ಬ್ರೆಜಿಲ್‌ನ ವಿದ್ಯೆಯ ಮೂಲವೂ 1914ರಲ್ಲಿ ಅಲ್ಲಿಗೆ ಹೋದ ಜಪಾನಿನ ಜೂಡೊ ಪಟು ಮಿತ್ಸುಯೊ ಮಾಯೆಡಾ. ಅವರಿಂದ ಕಲಿತ ಕಾರ್ಲೊಸ್ ಗ್ರೇಸಿ ಮತ್ತು ಆತನ ಸೋದರರು ಅದನ್ನು ಬೆಳೆಸಿದರು.

ಬ್ರೆಜಿಲ್‌ನ ಹೆಣ್ಣುಮಕ್ಕಳ ಕಥೆ ನಮಗೆ ಪರಕೀಯವೆನಿಸಬೇಕಿಲ್ಲ. ‘ಸ್ತ್ರೀಸಹಜ ಪ್ರಕೃತಿ’ಗೆ ಹೊಂದದ ಆಟಗಳಿಂದ ಅವರನ್ನು ದೂರವಿಡುವ ಕಾನೂನು ಅಲ್ಲಿ 1941ರಲ್ಲಿ ಬಂತು. 1965ರ ಆದೇಶ ಯಾವುದೇ ಬಗೆಯ ಸೆಣಸಾಟದ ಕ್ರೀಡೆಯನ್ನು ಅವರಿಗೆ ನಿಷೇಧಿಸಿತು. 1979ರಲ್ಲಿ ಉರುಗ್ವೆಯ ಜೂಡೊ ಪಂದ್ಯಾವಳಿಗೆ ಕೆಲವು ಯುವತಿಯರನ್ನು ಗಂಡಸರ ಹೆಸರಿನಲ್ಲಿ ನೋಂದಾಯಿಸಿ ಕಳುಹಿಸಬೇಕಾಯಿತು. ಅದೇ ವರ್ಷ ನಿಷೇಧ ತೆರವಾಯಿತು. ಜಿಯು-ಜಿಟ್ಸುವಿನ ವಿಶ್ವ ಚಾಂಪಿಯನ್‌ಷಿಪ್ 1996ರಲ್ಲಿ ಶುರುವಾದರೂ ಮಹಿಳೆಯರ ವಿಭಾಗಕ್ಕೆ 1998ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಅಂಥ ಶಾಸನದ ಅಗತ್ಯವೇ ಬೀಳಲಿಲ್ಲ. ಗರಡಿಮನೆಯ ಕೆಮ್ಮಣ್ಣಿಗೆ ಹೆಂಗಸರು ಕಾಲಿಡಬಾರದೆಂಬ ರೂಢಿಯೇ ಸಾಕಾಗಿತ್ತು.

ಹೀಗಾಗಿ ಕುಸ್ತಿಗೆ ಹೆಸರಾದ ಬೆಳಗಾವಿಯಲ್ಲಿ ಮಲಪ್ರಭಾ ಅವರಿಗೆ ಬಾಗಿಲು ತೆರೆದದ್ದು ಗರಡಿಯಲ್ಲ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜೂಡೊ ಕೇಂದ್ರ. ಇದು ಗಮನಿಸಬೇಕಾದ ಅಂಶ. ಸರ್ಕಾರ ಮಾಡಿದ್ದೆಲ್ಲ ವ್ಯರ್ಥ ಎನ್ನುವವರ ಸಾಲಿಗೆ ನಾನು ಸೇರಿದವನಲ್ಲ. ಒಂದು ಮ್ಯಾಟು, ವರ್ಷವರ್ಷವೂ ಬದಲಾಗದ ತರಬೇತುದಾರರು, ಊಟ, ವಸತಿ ಇಷ್ಟು ಸಿಕ್ಕರೆ ಹಳ್ಳಿಯ ಹುಡುಗಿಯೊಬ್ಬಳು ಏಷ್ಯಾದ ಮಟ್ಟ ಮುಟ್ಟಬಲ್ಲಳು ಎಂಬುದಕ್ಕೆ ಅದೊಂದು ಸಾಕ್ಷಿ. ಆದರೆ ತುರಮುರಿ ಬೆಳಗಾವಿ ನಗರಕ್ಕೆ ಸಮೀಪದ ಊರು. ಅದೃಷ್ಟದ ಪಾಲು ಎಷ್ಟೆಂಬುದನ್ನು ಆ ದೂರದಲ್ಲೇ ಅಳೆಯಬಹುದು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯನ್ನು ತೆಗೆದುಕೊಳ್ಳಿ. ಮಳೆ ಕಡಿಮೆ; ಶೇಂಗಾ ಮತ್ತು ಕುರಿ ನಂಬಿದ ಬದುಕು. ಅಲ್ಲಿಂದ ಬೆಳಗಾವಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿನ ಹುಡುಗಿಯೊಬ್ಬಳ ಮೈಕಟ್ಟು, ಛಲ ಎಷ್ಟೇ ಚೆನ್ನಾಗಿರಲಿ, ಅದನ್ನು ಗುರುತಿಸುವ ಕಣ್ಣು ಹತ್ತಿರದಲ್ಲಿ ಇರಬೇಕಲ್ಲ? ಸೆಣಸಾಟದ ಕ್ರೀಡೆಗಳ ಸ್ವಭಾವ ಇನ್ನೊಂದು ತೊಡಕು ತರುತ್ತದೆ. ಓಟವನ್ನು ಒಬ್ಬಳೇ ಅಭ್ಯಾಸ ಮಾಡಬಹುದು. ಹಿಡಿತವನ್ನು ಕಲಿಯಲು ಪ್ರತಿದಿನ ಹಿಡಿಯಲೊಂದು ದೇಹ ಬೇಕು, ಅದೂ ಸರಿಸುಮಾರು ಅದೇ ತೂಕದ್ದು. ಜಿಯು-ಜಿಟ್ಸುವಿನಲ್ಲಿ ಬಿಳಿ ಬೆಲ್ಟ್‌ನಿಂದ ಬ್ಲ್ಯಾಕ್ ಬೆಲ್ಟ್ ತಲುಪಲು ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ಹನ್ನೆರಡಕ್ಕೆ ಆರಂಭಿಸಿದರೆ ಇಪ್ಪತ್ತೆರಡು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗುವಿನ ಓದು ನಿಲ್ಲಿಸುವ, ಮದುವೆಯ ಮಾತೆತ್ತುವ ವರ್ಷಗಳೂ ಅವೇ. ಕ್ರೀಡಾ ವಸತಿ ನಿಲಯ ಆಕೆಗೆ ಕೊಡುವುದು ಮೊಟ್ಟೆ, ಹಾಲು ಮಾತ್ರವಲ್ಲ. ಮನೆಯವರಿಂದ ಆಕೆಗಾಗಿ ಕಾಲಾವಕಾಶವನ್ನು ಕೊಂಡುಕೊಡುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಈ ವೆಚ್ಚದ ಅತ್ಯಂತ ಲಾಭದಾಯಕ ಭಾಗ ಅದೇ.

ಸರ್ಕಾರಗಳ ಒಲವು ಬೇರೆಡೆ ಇದೆ. ಶಾಲಾ ಬಾಲಕಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ಇದೆ. ವಸತಿ ಶಾಲೆಗಳ ಹುಡುಗಿಯರಿಗಾಗಿ ಓಬವ್ವನ ಹೆಸರಿನ ಯೋಜನೆಯೂ ಬಂತು. 2021ರಿಂದ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ ಆಚರಿಸುತ್ತಿದ್ದೇವೆ. ಚಿತ್ರದುರ್ಗದ ಕ್ರೀಡಾಂಗಣಕ್ಕೂ ಆಕೆಯದೇ ಹೆಸರು. ಇವು ಬೇಡವೆಂದಲ್ಲ. ಆದರೆ ಮೂರು ತಿಂಗಳಲ್ಲಿ ಕಲಿತ ಕರಾಟೆ ನಾಲ್ಕನೆಯ ತಿಂಗಳಲ್ಲಿ ಎಷ್ಟು ಉಳಿದೀತು? ಜಿಲ್ಲಾ ಮಟ್ಟದ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಕುಳಿತು ನಾನು ಕಂಡಿರುವಂತೆ, ಇಂಥ ಯೋಜನೆಗಳಲ್ಲಿ ಎಣಿಕೆಗೆ ಸಿಗುವುದು ತರಬೇತಿ ಪಡೆದವರ ಸಂಖ್ಯೆ, ಸಂಖ್ಯೆ ದೊಡ್ಡದಾದಷ್ಟೂ ವರದಿ ಚೆಂದ. ಇಪ್ಪತ್ತು ಹುಡುಗಿಯರನ್ನು ಎಂಟು ವರ್ಷ ಸಾಕಿದ ಕೇಂದ್ರಕ್ಕೆ ಆ ನಮೂನೆಯಲ್ಲಿ ಅಂಕಣವೇ ಇರುವುದಿಲ್ಲ.

ಇನ್ನು ಪದಕದ ನಂತರದ ಬದುಕು. ಕುರಾಷ್ ಆಗಲಿ ಜಿಯು-ಜಿಟ್ಸು ಆಗಲಿ ಒಲಿಂಪಿಕ್ಸ್‌ನಲ್ಲಿ ಇಲ್ಲ. ಜೂಡೊ ಇದೆ, 1964ರಲ್ಲಿ ಪುರುಷರಿಗೆ, 1992ರಲ್ಲಿ ಮಹಿಳೆಯರಿಗೆ ಪದಕದ ಸ್ಪರ್ಧೆಯಾಗಿ ಬಂತು. ನಮ್ಮಲ್ಲಿ ಬಹುಮಾನ, ನೌಕರಿಗಳೆಲ್ಲ ಈ ಮಾನ್ಯತೆಯ ಏಣಿಗೆ ಕಟ್ಟಿಹಾಕಿದವು. ಬ್ರೆಜಿಲ್‌ನ ಪಟುಗಳೂ ಒಲಿಂಪಿಕ್ಸ್‌ನ ಆಸರೆ ಇಲ್ಲದವರೇ. ಆದರೂ ಅವರ ವಿದ್ಯೆಗೆ ಮಾರುಕಟ್ಟೆಯಿದೆ, ಏಕೆಂದರೆ ಬ್ಲ್ಯಾಕ್ ಬೆಲ್ಟ್ ಎಂದರೆ ಅಲ್ಲಿ ಕಲಿಸುವ ಅರ್ಹತೆ. ಹಲವು ಬಾರಿ ವಿಶ್ವ ಚಾಂಪಿಯನ್ ಆದ ಲೆಟಿಸಿಯಾ ರಿಬೇರೊ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಕಲಿಸುವ ವೃತ್ತಿ ಹಿಡಿದರು. ಅವರ ಶಿಷ್ಯೆ ಬಿಯಾ ಮೆಸ್ಕಿಟಾ ಗುರುವನ್ನೂ ಮೀರಿಸುವಷ್ಟು ಹೆಸರು ಮಾಡಿದರು. ಚಾಂಪಿಯನ್‌ಗೆ ಜೀವನೋಪಾಯ, ಮುಂದಿನ ಹುಡುಗಿಗೆ ಗುರು, ಎರಡೂ ಒಂದೇ ಏರ್ಪಾಡಿನಲ್ಲಿ ಸಿಕ್ಕವು. ಬೆಂಗಳೂರಿನಲ್ಲಿ ಶುಲ್ಕ ಕೊಟ್ಟು ಇದನ್ನು ಕಲಿಯುವ ಖಾಸಗಿ ಅಕಾಡೆಮಿಗಳು ಬಂದಿವೆ. ಚಳ್ಳಕೆರೆಯಲ್ಲಿ ಆ ಶುಲ್ಕ ಕೊಡುವವರಿಲ್ಲ. ಅಲ್ಲಿ ಮಾರುಕಟ್ಟೆಯ ಜಾಗವನ್ನು ಸರ್ಕಾರವೇ ತುಂಬಬೇಕು.

ಹಣವಿಲ್ಲ ಎಂಬ ಮಾತನ್ನು ಆ ಸೀಮೆಯ ಮಟ್ಟಿಗೆ ಒಪ್ಪುವುದು ಕಷ್ಟ. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ ಹುಲ್ಲುಗಾವಲನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವುಗಳಿಗೆ ಕೊಟ್ಟಾಗಿದೆ. ಅದರ ಸರಿ-ತಪ್ಪು ಬೇರೆ ಚರ್ಚೆ. ಆ ಜಮೀನಿನ ಸುತ್ತ ಕಟ್ಟಿದ ಗೋಡೆಯ ಒಂದು ತುಣುಕಿನ ವೆಚ್ಚದಲ್ಲಿ ಒಂದು ಮ್ಯಾಟು ಬರುತ್ತದೆ ಎಂಬುದಷ್ಟೇ ನನ್ನ ಲೆಕ್ಕ.

ಮ್ಯಾಟಿಗಿಂತ ಕಷ್ಟದ್ದು ಹುದ್ದೆ. ಗುತ್ತಿಗೆ ತರಬೇತುದಾರರು ವರ್ಷಕ್ಕೊಮ್ಮೆ ಬದಲಾದರೆ ಹುಡುಗಿಯರು ಪ್ರತಿ ಜೂನ್‌ನಲ್ಲೂ ಬಿಳಿ ಬೆಲ್ಟ್‌ನಿಂದಲೇ ಶುರುಮಾಡಬೇಕಾಗುತ್ತದೆ. ಆತ್ಮರಕ್ಷಣೆಯ ಬಿಡಿ ಯೋಜನೆಗಳ ಹಣವನ್ನು ಒಟ್ಟುಗೂಡಿಸಿ, ಚಳ್ಳಕೆರೆಯಂಥ ತಾಲ್ಲೂಕಿಗೊಂದು ಕಾಯಂ ತರಬೇತುದಾರರ ಹುದ್ದೆ ಸೃಷ್ಟಿಸಿ, ಅಂತರರಾಷ್ಟ್ರೀಯ ಕೂಟಗಳಲ್ಲಿ ಆಡಿಬಂದ ಯುವತಿಯರಿಗೆ ಅಲ್ಲಿ ಮೊದಲ ಆದ್ಯತೆ ನೀಡಬಹುದು. ನೇಮಕಾತಿ ನಿಯಮಗಳ ತಿದ್ದುಪಡಿ ಬೇಕು, ಆರ್ಥಿಕ ಇಲಾಖೆಯ ಸಹಮತಿ ಬೇಕು. ಆರ್ಥಿಕ ಇಲಾಖೆ ಮೊದಲ ಸಲ ಕಡತವನ್ನು ಹಿಂದಿರುಗಿಸುತ್ತದೆ ಎಂಬುದು ಬಲ್ಲವರಿಗೆ ಗೊತ್ತು. ಎರಡನೆಯ ಸಲ ಅದನ್ನು ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತುವ ಶಾಸಕರೊಬ್ಬರು ಆ ಜಿಲ್ಲೆಯಿಂದ ಬರಬೇಕು.