ಘಟ್ಟವೇರಿ ಬರುವ ಸದ್ದು

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೊಂದಿಕೊಂಡಿರುವ ಕಲಾಸಿಪಾಳ್ಯ ಮಲೆನಾಡಿನವರಿಗೆ ಅಪರಿಚಿತ ಸ್ಥಳವೇನಲ್ಲ. ಖಾಸಗಿ ಬಸ್ಸುಗಳು, ಲಾರಿ ಕಚೇರಿಗಳು, ಜೆ.ಸಿ. ರಸ್ತೆಯವರೆಗೂ ಹಬ್ಬಿಕೊಂಡ ವಾಹನ ಬಿಡಿಭಾಗಗಳ ಅಂಗಡಿಗಳು ಅದರ ಗುರುತು. ಊರಲ್ಲಿ ಸಿಗದ ಜೀಪಿನ ಸಾಮಾನು ಅಲ್ಲಿ ಸಿಕ್ಕೇ ಸಿಗುತ್ತದೆಂಬ ನಂಬಿಕೆಯಿಂದ ಘಟ್ಟದ ಜನ ಹಿಂದಿನಿಂದಲೂ ಅಲ್ಲಿಗೆ ಹೋಗಿಬರುತ್ತಿದ್ದಾರೆ. ಇಂತಹ ಪೇಟೆಗಳಲ್ಲಿಯೇ ಮೋಟಾರ್ ಸೈಕಲ್ಲಿನ ಮೂಲ ಸೈಲೆನ್ಸರನ್ನು ಕಳಚಿ, ಅಬ್ಬರಿಸುವ ಕೊಳವೆಯನ್ನು ಜೋಡಿಸುವ ವ್ಯಾಪಾರವೂ ನಡೆಯುತ್ತದೆ. ಹಾಗೆ ಜೋಡಿಸಿದ ಸದ್ದು ಪೇಟೆಯಲ್ಲಿಯೇ ಉಳಿಯುವುದಿಲ್ಲ. ವಾರಾಂತ್ಯದಲ್ಲಿ ಅದು ಆಗುಂಬೆಯ ಹದಿನಾಲ್ಕು ತಿರುವುಗಳನ್ನೂ ಚಾರ್ಮಾಡಿಯ ಇಳಿಜಾರನ್ನೂ ಮುಳ್ಳಯ್ಯನಗಿರಿಯ ಹುಲ್ಲುಗಾವಲನ್ನೂ ತಲುಪುತ್ತದೆ.

ಈ ಕೊಳವೆಯ ಹಿಂದೆ ಒಂದು ನಿಜವಾದ ವಿದ್ಯೆ ಇದೆಯೆಂಬುದನ್ನು ಮೊದಲು ಒಪ್ಪಬೇಕು. ಎಂಜಿನ್ನಿನ ಹೊಗೆ ಹೊರಬೀಳುವ ಮೊದಲ ಕೊಳವೆಯನ್ನು ಮೆಕ್ಯಾನಿಕರು ಬೆಂಡ್ ಪೈಪ್ ಎನ್ನುತ್ತಾರೆ. ಪಂದ್ಯದ ಕಾರಿನವರು ಹೆಡರ್ ಎನ್ನುತ್ತಾರೆ. ಹೊಗೆಯ ಕವಾಟ ತೆರೆದಾಗ ಒತ್ತಡದ ಅಲೆಯೊಂದು ಕೊಳವೆಯ ತುದಿಯವರೆಗೆ ಹೋಗಿ, ಹೀರುವ ಅಲೆಯಾಗಿ ಹಿಂದಿರುಗುತ್ತದೆ. ಎರಡೂ ಕವಾಟಗಳು ಕ್ಷಣಕಾಲ ತೆರೆದಿರುವ ಹೊತ್ತಿಗೆ ಸರಿಯಾಗಿ ಅದು ಬಂದು ಮುಟ್ಟಿದರೆ ಉಳಿದ ಹೊಗೆಯನ್ನು ಎಳೆದು ಹಾಕಿ ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಕೊಳವೆಯ ಉದ್ದ ಮತ್ತು ಒಳವ್ಯಾಸಗಳನ್ನು ಈ ಲೆಕ್ಕಕ್ಕೆ ಹೊಂದಿಸುವುದೇ ಹೆಡರ್ ಬದಲಾವಣೆಯ ಉದ್ದೇಶ. ಆದರೆ ಈ ಹೊಂದಾಣಿಕೆ ಎಂಜಿನ್ನಿನ ಒಂದು ಕಿರಿದಾದ ವೇಗದ ಮಿತಿಯಲ್ಲಿ ಮಾತ್ರ ಫಲ ಕೊಡುತ್ತದೆ. ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಪಂದ್ಯಪಥದಲ್ಲಿ ಎಂಜಿನ್ ಬಹುಪಾಲು ಆ ಮಿತಿಯಲ್ಲೇ ಓಡುತ್ತದೆ. ಮೊದಲ ಎರಡು ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತಬೇಕಾದ ಘಟ್ಟದ ತಿರುವಿನಲ್ಲಿ ಅದೇ ಅಗಲವಾದ ಕೊಳವೆ ಇರುವ ಎಳೆತವನ್ನೂ ಕುಗ್ಗಿಸಬಹುದು.

ಗಾಳಿಯಿಂದ ತಂಪಾಗುವ ಎಂಜಿನ್ನುಗಳಲ್ಲಿ ತೊಡಕು ಇನ್ನೂ ಹೆಚ್ಚು. 1998ರವರೆಗಿನ ಪೋರ್ಷೆ 911 ಕಾರಿರಲಿ, ಹಳೆಯ ಬುಲೆಟ್ ಇರಲಿ, ಅವುಗಳಲ್ಲಿ ಶಾಖವನ್ನು ಹೊತ್ತೊಯ್ಯಲು ನೀರಿಲ್ಲ. ಗಾಳಿ ಮತ್ತು ಎಂಜಿನ್ ಎಣ್ಣೆಯೇ ಆ ಕೆಲಸ ಮಾಡಬೇಕು. ಕೊಳವೆಯನ್ನು ಬದಲಿಸಿ ಕಾರ್ಬೊರೇಟರಿನ ಜೆಟ್ಟನ್ನು ಹಾಗೆಯೇ ಬಿಟ್ಟರೆ ಗಾಳಿಯ ಪಾಲು ಹೆಚ್ಚಿ ಪೆಟ್ರೋಲಿನ ಪಾಲು ಕಡಿಮೆಯಾಗಬಹುದು. ಅಂತಹ ಮಿಶ್ರಣ ಎಂಜಿನ್ನಿನ ತಲೆಯನ್ನು ಸುಡುತ್ತದೆ. ಪಂದ್ಯದ ಕಾರಿನವರು ಜೆಟ್ ಬದಲಿಸಿ, ಶಾಖ ಅಳೆದು, ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ರಸ್ತೆ ಬದಿಯಲ್ಲಿ ಅರ್ಧ ಗಂಟೆಯಲ್ಲಿ ಸೈಲೆನ್ಸರ್ ಬದಲಿಸಿಕೊಂಡು ಹೊರಟವನಿಗೆ ಇದಾವುದೂ ದೊರೆತಿರುವುದಿಲ್ಲ. ಅವನು ಹಣ ಕೊಟ್ಟು ಕೊಂಡದ್ದು ಶಕ್ತಿಯನ್ನಲ್ಲ, ಸದ್ದನ್ನು ಮಾತ್ರ.

ಆ ಸದ್ದಿನ ಬೆಲೆಯನ್ನು ತೆರುವವರು ಬೇರೆಯವರು. 175 ಸಿ.ಸಿ. ಮೀರಿದ ದ್ವಿಚಕ್ರ ವಾಹನಗಳಿಗೆ 2003ರಿಂದ ನಿಗದಿಯಾದ ಮಿತಿ 80 ಡೆಸಿಬಲ್. ಅದನ್ನು ಅಳೆಯುವುದು ಏಳೂವರೆ ಮೀಟರ್ ದೂರದಿಂದ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆ ಲೆಕ್ಕದಲ್ಲಿ 60 ಮೀಟರಿನಾಚೆಗೆ ಅದು 62ಕ್ಕೆ ಇಳಿದಿರುತ್ತದೆ. ಸೈಲೆನ್ಸರ್ ಕಳಚಿದ್ದರಿಂದ 10 ಡೆಸಿಬಲ್ ಹೆಚ್ಚಾಯಿತೆಂದರೆ ಅದೇ 62 ಡೆಸಿಬಲ್ ಸುಮಾರು 190 ಮೀಟರಿನವರೆಗೂ ಹಬ್ಬುತ್ತದೆ. ಅಂದರೆ ರಸ್ತೆಯ ಎರಡೂ ಬದಿಯಲ್ಲಿ ಸದ್ದಿಗೆ ಸಿಕ್ಕುವ ಕಾಡಿನ ಅಗಲ ಮೂರು ಪಟ್ಟಾಗುತ್ತದೆ. ಒಂದು ಮರವನ್ನೂ ಕಡಿಯದೆ, ಒಂದಡಿ ರಸ್ತೆಯನ್ನೂ ಅಗಲಗೊಳಿಸದೆ ಕಾಡನ್ನು ಕಿರಿದುಗೊಳಿಸುವ ಉಪಾಯವಿದು.

ಕಾಡಿನಲ್ಲಿ ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸ. ಮಳೆಗಾಲದ ರಾತ್ರಿ ಕಪ್ಪೆ ತನ್ನ ಜೊತೆಯನ್ನು ಕರೆಯುವುದೂ ಹಕ್ಕಿ ತನ್ನ ಎಲ್ಲೆಯನ್ನು ಸಾರುವುದೂ ಜಿಂಕೆ ಅಪಾಯವನ್ನು ಅರಿಯುವುದೂ ಸದ್ದಿನಿಂದಲೇ. ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಗದ್ದಲದ ಕಡೆ ವಾಸಿಸುವ ಪುಟ್ಟ ಹಕ್ಕಿಗಳು ವಾಹನಗಳ ಮೊರೆತವನ್ನು ಮೀರಲು ತಮ್ಮ ಹಾಡಿನ ಶ್ರುತಿಯನ್ನೇ ಏರಿಸಿಕೊಂಡಿವೆ ಎಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಎಲ್ಲ ಜೀವಿಗಳಿಗೂ ಹೀಗೆ ಹೊಂದಿಕೊಳ್ಳುವ ಸಾಮರ್ಥ್ಯವಿಲ್ಲ. ರಸ್ತೆ ಪಕ್ಕದ ಮನೆಯ ತೊಟ್ಟಿಲ ಕೂಸಿಗೂ ಹಾಸಿಗೆ ಹಿಡಿದ ಅಜ್ಜಿಗೂ ಅದು ಇಲ್ಲ. ಇನ್ನು ಹೊಗೆಯ ಮಾತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ವಾಹನಗಳಲ್ಲಿ ವಿಷಾನಿಲವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆ ಕೊಳವೆಯ ಮಾರ್ಗದಲ್ಲೇ ಇರುತ್ತದೆ. ಮೂಲ ಕೊಳವೆಯನ್ನು ಕಿತ್ತೆಸೆದಾಗ ಎಷ್ಟೋ ಬಾರಿ ಅದೂ ಹೋಗುತ್ತದೆ.

ಕಾನೂನಿಗೇನೂ ಕೊರತೆಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಕಡ್ಡಾಯವೆನ್ನುತ್ತದೆ. 1988ರ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಶಬ್ದ ಮತ್ತು ವಾಯು ಮಾಲಿನ್ಯದ ಮಾನದಂಡ ಮೀರಿದವರಿಗೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಇಷ್ಟಿದ್ದೂ ಆಗೊಮ್ಮೆ ಈಗೊಮ್ಮೆ ವಶಪಡಿಸಿಕೊಂಡ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸಿ ಚಿತ್ರ ತೆಗೆಸಿಕೊಳ್ಳುವುದರಲ್ಲಿ ಕಾರ್ಯಾಚರಣೆ ಮುಗಿದುಹೋಗುತ್ತದೆ. ಪುಡಿಯಾದ ಕೊಳವೆಯ ಜಾಗಕ್ಕೆ ಮರುವಾರವೇ ಹೊಸದು ಬರುತ್ತದೆ.

ಹಾಗಾದರೆ ಹಿಡಿಯಬೇಕಾದ ಜಾಗ ಯಾವುದು? ಮೊದಲನೆಯದು ಮಾರಾಟದ ಕಟ್ಟೆ. ಪಂದ್ಯಪಥಕ್ಕೆಂದು ತಯಾರಾದ ಕೊಳವೆ ಪಂದ್ಯದ ವಾಹನಕ್ಕೆ ಮಾತ್ರ ಹೋಗಬೇಕು. ರಸ್ತೆಯ ವಾಹನಕ್ಕೆ ಅದನ್ನು ಜೋಡಿಸಿಕೊಡುವವರೂ ಹೊಣೆಗಾರರಾಗಬೇಕು. ಬೆಸುಗೆಯ ಕೈಚಳಕವಿರುವ ಕುಶಲಕರ್ಮಿಗಳ ಅನ್ನ ಕಸಿಯಬೇಕೆಂದು ಯಾರೂ ಬಯಸುವುದಿಲ್ಲ. ತುಕ್ಕು ಹಿಡಿದ ಮೂಲ ಸೈಲೆನ್ಸರನ್ನು ದುರಸ್ತಿ ಮಾಡುವುದೂ ಅದೇ ಕೈಗಳ ಕೆಲಸವೇ. ಎರಡನೆಯದು ಘಟ್ಟದ ಬುಡ. ಪ್ಲಾಸ್ಟಿಕ್ಕಿಗೂ ಮದ್ಯಕ್ಕೂ ವಾಹನ ತಡೆದು ನೋಡುವ ತನಿಖಾ ಠಾಣೆಯಲ್ಲಿ ಶಬ್ದಮಾಪಕವೊಂದಿದ್ದರೆ ಅಬ್ಬರದ ವಾಹನ ಅಲ್ಲಿಂದಲೇ ಹಿಂದಿರುಗಬೇಕಾಗುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಂದಾಗ ಅಸಾಧ್ಯವೆಂದವರೇ ಹೆಚ್ಚು. ಕಾಡಿಗೂ ವಿಶ್ರಾಂತಿಯ ಹಕ್ಕಿದೆಯೆಂಬುದು ಆ ಕ್ರಮದಿಂದ ಮಾನ್ಯವಾಯಿತು.

ಮೂರನೆಯ ಜಾಗ ಊರಿನೊಳಗೇ ಇದೆ. ಅಬ್ಬರಿಸುವ ಬೈಕುಗಳೆಲ್ಲ ಬೆಂಗಳೂರಿನವೆಂದು ದೂರುವುದು ಸುಲಭ. ತಾಲ್ಲೂಕು ಕೇಂದ್ರದ ಕಾಲೇಜಿನ ಎದುರು ನಿಂತಿರುವ ವಾಹನಗಳನ್ನೊಮ್ಮೆ ನೋಡಿದರೆ ಆ ಮಾತು ಪೂರ್ತಿ ನಿಲ್ಲುವುದಿಲ್ಲ. ಪ್ರವಾಸಿಗರಿಂದ ಬಾಡಿಗೆ ಪಡೆಯುವ ಹೋಂಸ್ಟೇಗಳು ಇಂತಹ ವಾಹನಗಳಿಗೆ ಅಂಗಳದಲ್ಲಿ ಜಾಗವಿಲ್ಲವೆಂದು ಮೊದಲೇ ತಿಳಿಸಬಹುದು. ಗ್ರಾಮಸಭೆಯಲ್ಲಿ ಠರಾವು ಮಾಡಿ ಠಾಣೆಗೆ ಕಳುಹಿಸಬಹುದು. ವಿದ್ಯಾರ್ಥಿಗಳು ತಮ್ಮ ಊರಿನ ರಸ್ತೆಯಂಚಿನಲ್ಲಿ ಒಂದು ಭಾನುವಾರ ಕುಳಿತು, ಹಾದುಹೋದ ವಾಹನ, ಹೊತ್ತು, ಸದ್ದುಗಳನ್ನು ದಾಖಲಿಸಿದರೆ ಆ ಠರಾವಿಗೆ ಬಲ ಬರುತ್ತದೆ.

ವೇಗದ ಆಸೆ ಯೌವನದ ಸಹಜ ಗುಣ, ಅದಕ್ಕೆ ಪಂದ್ಯಪಥಗಳಿವೆ. ಘಟ್ಟದ ರಸ್ತೆ ಪಂದ್ಯಪಥವಲ್ಲ. ಅದು ಹಾಲಿನ ಕ್ಯಾನು ಹೊತ್ತವರ, ಶಾಲೆಗೆ ನಡೆಯುವ ಮಕ್ಕಳ, ಇರುಳಲ್ಲಿ ದಾಟುವ ಪ್ರಾಣಿಗಳ ದಾರಿ. ಆ ದಾರಿಯನ್ನು ಬಳಸುವವರು ಅದರ ಮೌನವನ್ನೂ ಉಳಿಸಿ ಹೋಗಬೇಕೆಂದು ಕೇಳುವ ಹಕ್ಕು ಅಲ್ಲಿ ಬಾಳುವವರಿಗಿದೆ.