ಮೂತ್ರನಾಳದೊಳಗಿನ ಕೊಳವೆ

ಹೃದಯದ ಸ್ಟೆಂಟ್ ಈಗ ಮನೆಮಾತು. ಮೂತ್ರನಾಳಕ್ಕೂ ಸ್ಟೆಂಟ್ ಹಾಕುತ್ತಾರೆಂಬುದನ್ನು ಅನೇಕರು ಕೇಳಿರಲಾರರು. ಹೆಸರು ಒಂದೇ, ಸ್ವಭಾವ ಬೇರೆ. ಹೃದಯದ್ದು ಅಲ್ಲಿಯೇ ಉಳಿಯುತ್ತದೆ. ಇದನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಈ ವ್ಯತ್ಯಾಸವನ್ನರಿಯದೆ ಆಗುವ ಅನರ್ಥ ಸಣ್ಣದಲ್ಲ.

ಮೂತ್ರಪಿಂಡದಿಂದ ಮೂತ್ರಕೋಶಕ್ಕಿಳಿಯುವ ನಾಳದ ಉದ್ದ ಸುಮಾರು 25 ಸೆಂಟಿಮೀಟರ್, ಅಗಲ ಕೆಲವೇ ಮಿಲಿಮೀಟರ್. ಗರ್ಭಕೊರಳು, ಪ್ರಾಸ್ಟೇಟ್, ದೊಡ್ಡ ಕರುಳುಗಳ ಕ್ಯಾನ್ಸರ್ ಹಬ್ಬಿದಾಗ ಗಡ್ಡೆಯೋ ಊದಿಕೊಂಡ ದುಗ್ಧಗ್ರಂಥಿಯೋ ಈ ನಾಳವನ್ನು ಹೊರಗಿನಿಂದ ಅಮುಕುತ್ತದೆ. ಇಳಿಯಲಾಗದ ಮೂತ್ರ ಮೇಲೆಯೇ ನಿಂತು ಮೂತ್ರಪಿಂಡ ಉಬ್ಬುತ್ತದೆ. ಒಂದೇ ಬದಿ ಕಟ್ಟಿಕೊಂಡರೆ ಇನ್ನೊಂದು ದುಡಿಯುವುದರಿಂದ ನೋವೂ ಇಲ್ಲದೆ ತಿಂಗಳುಗಳು ಕಳೆಯಬಹುದು. ಎರಡೂ ಕಟ್ಟಿದರೆ ರಕ್ತದಲ್ಲಿ ಕ್ರಿಯಾಟಿನಿನ್ ಏರಿ ವಾಂತಿ, ಮಂಪರು ತೋರುತ್ತವೆ. ಗರ್ಭಕೊರಳಿನ ಕ್ಯಾನ್ಸರಿಗೆ ರೂಢಿಯಾಗಿ ಬಳಸುವ ಸಿಸ್‌ಪ್ಲಾಟಿನ್ ಔಷಧವನ್ನು ಸೋತ ಮೂತ್ರಪಿಂಡಗಳಿಗೆ ಕೊಡುವಂತಿಲ್ಲ. ಆದ್ದರಿಂದ ಮೊದಲು ದಾರಿ ತೆರೆಯಬೇಕು.

ಮೂತ್ರದ್ವಾರದ ಮೂಲಕ ದರ್ಶಕನಳಿಕೆಯನ್ನು ಹಾಯಿಸಿ ಮೃದುವಾದ ಕೊಳವೆಯನ್ನು ಮೇಲಕ್ಕೇರಿಸುತ್ತಾರೆ. ಜಾರದಂತೆ ಎರಡೂ ತುದಿಗಳು ಸುರುಳಿಯಾಗಿ ಬಾಗಿರುವುದರಿಂದ ಅದಕ್ಕೆ ‘ಡಬಲ್ ಜೆ’ ಎಂಬ ಹೆಸರು. ಗಡ್ಡೆ ತೀರ ಬಿಗಿದು ದಾರಿಯೇ ಸಿಗದಿದ್ದರೆ ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೇ ನಳಿಕೆಯಿಳಿಸಿ ಹೊರಗೆ ಚೀಲ ಜೋಡಿಸುವರು.

ಇದು ಕ್ಯಾನ್ಸರನ್ನು ಗುಣಪಡಿಸದು. ಪದೇಪದೇ ಮೂತ್ರಕ್ಕೆ ಅವಸರ, ಉರಿ, ಕೊಂಚ ರಕ್ತ ಇವೆಲ್ಲ ಕೊಳವೆಯ ಜೊತೆಗೇ ಬರುತ್ತವೆ. ಚಿಕಿತ್ಸೆ ಮುಂದುವರಿಯಬೇಕಾದವರು ಇದನ್ನು ಸಹಿಸುವುದಕ್ಕೆ ಅರ್ಥವಿದೆ. ಬೇರಾವ ಚಿಕಿತ್ಸೆಯೂ ಉಳಿಯದ ಕೊನೆಯ ಹಂತದಲ್ಲಿ ಬೇಡವೆನ್ನುವ ಹಕ್ಕೂ ರೋಗಿಗಿದೆ. ಮಕ್ಕಳು ಬಾಗಿಲಾಚೆ ವೈದ್ಯರೊಡನೆ ಪಿಸುಗುಟ್ಟಿ ತೀರ್ಮಾನಿಸುವ ನಮ್ಮ ರೂಢಿ ನನಗೆ ಒಪ್ಪಿಗೆಯಿಲ್ಲ. ತಾಯಿಗೆ ಮಂಪರು ಕವಿಯುವ ಮುನ್ನ ಆಕೆಯನ್ನೇ ಕೇಳಬೇಕು.

ಸಾಮಾನ್ಯ ಸ್ಟೆಂಟನ್ನು 3ರಿಂದ 6 ತಿಂಗಳೊಳಗೆ ಬದಲಿಸಬೇಕು. ಮರೆತರೆ ಅದರ ಮೇಲೆ ಲವಣಗಳು ಹರಳುಗಟ್ಟಿ, ಹೊರತೆಗೆಯುವುದೇ ದೊಡ್ಡ ಶಸ್ತ್ರಚಿಕಿತ್ಸೆಯಾಗುತ್ತದೆ. ಕಾಸರಗೋಡಿನ ನಮ್ಮವರು ಮಂಗಳೂರಿಗೋ ತಲಶ್ಶೇರಿಗೋ ಹೋಗುವವರು. ಬಿಡುಗಡೆಯ ಕಾಗದ ಇಂಗ್ಲಿಷಿನಲ್ಲಿ, ಬಾಯ್ಮಾತಿನ ವಿವರಣೆ ಹಲವು ವೇಳೆ ಮಲಯಾಳದಲ್ಲಿ. ಮನೆಯ ಹಿರಿಯರಿಗೆ ಎರಡೂ ದಕ್ಕವು. ಒಳಗೆ ಕೊಳವೆಯಿದೆಯೆಂಬುದೇ ತಿಳಿಯದೆ ಮರಳುವವರಿದ್ದಾರೆ. ಯಾವ ಬದಿಗೆ ಹಾಕಿದರು, ಎಂದು ಹಾಕಿದರು, ಎಂದು ಬದಲಿಸಬೇಕು ಎಂಬ ಮೂರನ್ನೂ ಆಸ್ಪತ್ರೆಯಲ್ಲಿಯೇ ಕೇಳಿ, ಕನ್ನಡದಲ್ಲಿ ಬರೆದು, ಗೋಡೆಯ ಪಂಚಾಂಗಕ್ಕೆ ಅಂಟಿಸಿರಿ. ನಡುವೆ ನಡುಕದೊಡನೆ ಜ್ವರ ಬಂದರೆ, ಮೂತ್ರದ ಪ್ರಮಾಣ ಕುಗ್ಗಿದರೆ ಆ ದಿನಾಂಕಕ್ಕೆ ಕಾಯದೆ ಅಂದೇ ಹೊರಡಬೇಕು, ರಾತ್ರಿಯಾದರೂ ಸರಿ.